ಬಾಟಲಿಗೆ ಪೇಪರ್ ಸುತ್ತಿ, ಆಮೇಲೆ ಮಾರ್ಕ್ಸ್ ಹಾಕಿ

ಕಡಿಮೆ ಬೆಲೆಯ ವೈನ್ ಬಗ್ಗೆ ಪ್ರಶ್ನೆಗಳಿದ್ದರೆ ಕಳಿಸಿ ಅಂತ ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ಪ್ರಶ್ನೆ: ಯಾವ ಬ್ರ್ಯಾಂಡ್ ತಗೊಳ್ಳಲಿ? ಅದಕ್ಕೆ ಇಲ್ಲಿ ಉತ್ತರ ಸಿಗಲ್ಲ. ಹೆಸರು ಹೇಳಿಬಿಟ್ಟರೆ ನೀವು ನನ್ನ ನಾಲಿಗೆ ನಂಬಿ ಕುಡಿಯುತ್ತೀರಿ, ನಿಮ್ಮ ನಾಲಿಗೆಗೆ ಕೆಲಸವೇ ಇರಲ್ಲ. ಉಳಿದ ಪ್ರಶ್ನೆಗಳನ್ನು ನೋಡೋಣ.

ನಾವು ಆರು ಜನ ಗೆಳೆಯರು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಈ ಸಲ ನಾಲ್ಕು ದೇಶದ ನಾಲ್ಕು ಕೆಂಪು ವೈನ್ ತಂದು ಯಾವುದು ಚೆನ್ನಾಗಿದೆ ಅಂತ ನೋಡುವ ಆಸೆ. ಬಾಟಲಿಗೆ ಸಾವಿರದೈನೂರಕ್ಕಿಂತ ಜಾಸ್ತಿ ಹಾಕಲ್ಲ. ಯಾರಿಗೂ ಅನುಭವ ಇಲ್ಲ, ಹೇಗೆ ಮಾಡೋದು?
– ಬಸವನಗುಡಿ

ಅನುಭವ ಇಲ್ಲದಿರುವುದು ಒಳ್ಳೆಯದೇ ಆಯಿತು. ಮೊದಲ ಕೆಲಸ, ಬಾಟಲಿಗಳಿಗೆ ಹಳೇ ಪೇಪರ್ ಸುತ್ತಿ. ಕುತ್ತಿಗೆಯವರೆಗೂ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಮುಚ್ಚಳವನ್ನು ಮೊದಲೇ ತೆಗೆದು ಪಕ್ಕಕ್ಕಿಡಿ, ಯಾಕೆಂದರೆ ಕಾರ್ಕೋ ತಿರುಪಿನ ಮುಚ್ಚಳವೋ ಅಂತ ಕಂಡ ತಕ್ಷಣ ತಲೆ ಲೆಕ್ಕ ಹಾಕಲು ಶುರುಮಾಡುತ್ತದೆ. ಒಬ್ಬರು ಸುತ್ತಲಿ, ಇನ್ನೊಬ್ಬರು ಬೇರೆ ರೂಮಿನಲ್ಲಿ ಅದಲು ಬದಲು ಮಾಡಿ 1, 2, 3, 4 ಅಂತ ನಂಬರ್ ಬರೆಯಲಿ. ಆಗ ಯಾವುದು ಯಾವುದು ಅಂತ ಇಬ್ಬರಿಗೂ ಗೊತ್ತಿರಲ್ಲ.

ಇಷ್ಟೆಲ್ಲ ಯಾಕೆ? ಬೆಲೆ ಗೊತ್ತಾದರೆ ರುಚಿ ಬದಲಾಗುತ್ತದೆ, ಅದಕ್ಕೆ. 2008ರಲ್ಲಿ ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಇಂಥ ಮುಚ್ಚಿಟ್ಟ ರುಚಿ ಪರೀಕ್ಷೆಗಳ ಫಲಿತಾಂಶವನ್ನು ಒಟ್ಟುಮಾಡಿ ನೋಡಿದರು. ಬೆಲೆ ಗೊತ್ತಿಲ್ಲದೆ ಕುಡಿದ ಸಾಮಾನ್ಯ ಜನಕ್ಕೆ ದುಬಾರಿ ವೈನ್ ಜಾಸ್ತಿ ಹಿಡಿಸಿರಲಿಲ್ಲ, ಸರಾಸರಿಯಲ್ಲಿ ಒಂಚೂರು ಕಡಿಮೆಯೇ ಹಿಡಿಸಿತ್ತು. ಫ್ರಾನ್ಸಿನ ಬೋರ್ಡೊದಲ್ಲಿ ಇನ್ನೂ ತಮಾಷೆ. ಫ್ರೆಡರಿಕ್ ಬ್ರೋಶೆ ಅನ್ನುವವರು ವೈನ್ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೇ ಕೆಂಪು ಬಣ್ಣ ಹಾಕಿ ಕೊಟ್ಟರು. ಹುಡುಗರು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಅದನ್ನು ವರ್ಣಿಸಿದರು. ಓದಿದವರ ಕಥೆಯೇ ಹೀಗೆ, ಇನ್ನು ನಮ್ಮದೇನು!

ಒಂದು ಬಾಟಲಿ ಅಂದರೆ 750 ಎಂಎಲ್. ಒಬ್ಬರಿಗೆ 50 ಎಂಎಲ್ ಸಾಕು. ಆರು ಜನಕ್ಕೆ 300 ಖರ್ಚಾಯಿತು, ಉಳಿದದ್ದು ಎರಡನೇ ಸುತ್ತಿಗೆ. ಬಾಯಿ ಕಿರಿದಾಗಿರುವ, ಹೊಟ್ಟೆ ಸ್ವಲ್ಪ ಅಗಲ ಇರುವ ಗಾಜಿನ ಗ್ಲಾಸ್ ಬೇಕು, ಸ್ಟೀಲ್ ಲೋಟ ಬೇಡ. ಕಪಾಟಿನಿಂದ ತೆಗೆದ ಗ್ಲಾಸನ್ನು ಮೊದಲು ಖಾಲಿ ಮೂಸಿ ನೋಡಿ. ಎಷ್ಟೋ ಮನೆಗಳಲ್ಲಿ ಪಾತ್ರೆ ಸೋಪಿನ ನಿಂಬೆ ವಾಸನೆ ಗ್ಲಾಸಿಗೆ ಅಂಟಿರುತ್ತದೆ, ಆಮೇಲೆ ನಾಲ್ಕೂ ವೈನಿನಲ್ಲಿ ನಿಂಬೆ ಇದೆ ಅಂತ ಎಲ್ಲರೂ ಒಪ್ಪಿಕೊಂಡುಬಿಡುತ್ತಾರೆ. ಅವತ್ತು ಸಂಜೆ ಊದುಬತ್ತಿ ಬೇಡ, ಸೆಂಟ್ ಬೇಡ, ಮಲ್ಲಿಗೆ ಮುಡಿದವರು ಸ್ವಲ್ಪ ಹೊತ್ತು ಅದನ್ನು ಫ್ರಿಜ್ಜಿನಲ್ಲಿಡಲಿ. ಒಗ್ಗರಣೆ ಕೆಲಸವೂ ಆಮೇಲೆ. ನಡುನಡುವೆ ತಿನ್ನಲು ಖಾರ ಹಾಕದ ಬರೀ ಕಡ್ಲೆಪುರಿ ಇಡಿ. ಕಾಂಗ್ರೆಸ್ ಕಡಲೆಕಾಯಿ ಮಾತ್ರ ಬೇಡವೇ ಬೇಡ, ಒಂದು ಹಿಡಿ ತಿಂದರೆ ನಾಲಿಗೆ ಅರ್ಧ ಗಂಟೆ ಬೇರೆ ಯಾವುದನ್ನೂ ಕೇಳಲ್ಲ.

ಮಾರ್ಕ್ಸ್ ಹೇಗೆ? ಮೂಸಿ, ಗ್ಲಾಸನ್ನು ಒಂದು ಸುತ್ತು ತಿರುಗಿಸಿ, ಇನ್ನೊಮ್ಮೆ ಮೂಸಿ. ಬಾಯಿಗೆ ಹಾಕಿಕೊಂಡು ನಾಲಿಗೆ ತುಂಬ ಓಡಾಡಿಸಿ. ಹುಳಿ, ಒಗರು, ಸಿಹಿ, ಗಂಟಲಿನ ಉರಿ, ಈ ನಾಲ್ಕರಲ್ಲಿ ಯಾವುದಾದರೂ ಒಂದು ಮಿಕ್ಕಿದ್ದನ್ನೆಲ್ಲ ತಳ್ಳಿ ಮುಂದೆ ನಿಂತಿದೆಯಾ ನೋಡಿ. ನಿಂತಿದ್ದರೆ ಮಾರ್ಕ್ಸ್ ಕಡಿಮೆ. ನುಂಗಿದ ಮೇಲೆ ಅಥವಾ ಉಗುಳಿದ ಮೇಲೆ ಮನಸ್ಸಿನಲ್ಲೇ ಎಣಿಸಿ. ಎರಡು ಎಣಿಸುವಷ್ಟರಲ್ಲಿ ರುಚಿ ಮಾಯವಾದರೆ ಸಾಧಾರಣ ವೈನ್. ಆರೇಳು ಎಣಿಸುವವರೆಗೂ ಉಳಿದರೆ ಈ ಬೆಲೆಗೆ ಭರ್ಜರಿ. ಮೊದಲ ಸುತ್ತಿನಲ್ಲಿ ಉಗುಳುವುದೇ ಒಳ್ಳೆಯದು, ಒಂದು ಚೊಂಬು ಇಟ್ಟುಕೊಳ್ಳಿ. ಎಲ್ಲರೂ ಬರೆದು ಮುಗಿಸುವವರೆಗೂ ಯಾರೂ ಮಾತಾಡಬಾರದು, ಇದು ಮುಖ್ಯ. ಪ್ರತಿ ಗುಂಪಿನಲ್ಲೂ ವಿದೇಶಕ್ಕೆ ಹೋಗಿಬಂದ ಒಬ್ಬರು ಇರುತ್ತಾರೆ, ಅವರು ಬಾಯಿಬಿಟ್ಟರೆ ಉಳಿದವರದ್ದೆಲ್ಲ ಅದೇ ಅಭಿಪ್ರಾಯ ಆಗಿಬಿಡುತ್ತದೆ.

ಮನೆಗೆ ಹೋಗುವಾಗ ಆಟೋ ಅಥವಾ ಮೆಟ್ರೋ. ಗಾಡಿ ಬೇಡ.

ಅಂಗಡಿಯಲ್ಲಿ ಯೂರೋಪಿನ ಒಂದು ವೈನ್ 1,600 ರೂಪಾಯಿ, ನಮ್ಮ ನಂದಿ ಬೆಟ್ಟದ ಕಡೆಯದ್ದು ಸಾವಿರದ ಒಳಗೆ. ಜಾಸ್ತಿ ಕೊಟ್ಟರೆ ಒಳ್ಳೆಯದೇ ಸಿಗುತ್ತೆ ಅಲ್ವಾ?
– ವಿಜಯನಗರ

ಇಲ್ಲ. ಆ 1,600ರಲ್ಲಿ ವೈನಿಗೆ ಎಷ್ಟು, ಉಳಿದದ್ದಕ್ಕೆ ಎಷ್ಟು ಅಂತ ಬಿಡಿಸಿ ನೋಡಿ. ಆಮದು ವೈನಿನ ಮೇಲೆ ಬಹಳ ವರ್ಷಗಳಿಂದ ಇರುವ ಸುಂಕ ಶೇ. 150. ಲೆಕ್ಕಕ್ಕೆ ಅಂತ ತಗೊಳ್ಳಿ, ಬಂದರಿಗೆ ಬಂದಾಗ ಬಾಟಲಿಯ ಬೆಲೆ 400 ರೂಪಾಯಿ. ಸುಂಕ 600 ಸೇರಿ ಅಲ್ಲೇ ಸಾವಿರ. ಅದರ ಮೇಲೆ ತರಿಸಿದವರ ಲಾಭ, ರಾಜ್ಯದ ಅಬಕಾರಿ, ಅಂಗಡಿಯವರ ಪಾಲು. ನಿಮ್ಮ ಕೈಯಲ್ಲಿರುವುದು 1,600 ರೂಪಾಯಿಯ ವೈನ್ ಅಲ್ಲ, 400 ರೂಪಾಯಿಯ ವೈನ್. ಅದರ ಊರಿನಲ್ಲಿ ಅದು ದಿನಾ ಊಟದ ಜೊತೆ ಕುಡಿಯುವ ಮಾಮೂಲಿ ಸರಕು. ಕೆಟ್ಟದ್ದು ಅಂತಲ್ಲ, ಆದರೆ 1,600ರ ನಿರೀಕ್ಷೆ ಇಟ್ಟುಕೊಂಡು ಕುಡಿದರೆ ಅದಕ್ಕೂ ಅನ್ಯಾಯ, ನಿಮಗೂ ಅನ್ಯಾಯ.

ಆಸ್ಟ್ರೇಲಿಯಾದ ಜೊತೆ 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಸುಂಕ ಇಳಿದಿದೆ ನಿಜ. ಆದರೆ ಬಾಟಲಿಯ ಆಮದು ಬೆಲೆ ಕನಿಷ್ಠ 5 ಅಮೆರಿಕನ್ ಡಾಲರ್ ಇದ್ದರೆ ಮಾತ್ರ ಆ ರಿಯಾಯಿತಿ. 15 ಡಾಲರ್ ದಾಟಿದ್ದಕ್ಕೆ ಇನ್ನೂ ಜಾಸ್ತಿ ಇಳಿತ. ಅಂದರೆ ತೀರಾ ಅಗ್ಗದ ಬಾಟಲಿಗೆ ಅದರಿಂದ ಏನೂ ಸಿಕ್ಕಿಲ್ಲ. ಆಸ್ಟ್ರೇಲಿಯಾದ್ದೇ ತಗೊಳ್ಳುವುದಾದರೆ ಕಪಾಟಿನ ತಳದ ಸಾಲು ಬಿಟ್ಟು ಅದರ ಮೇಲಿನ ಸಾಲಿಗೆ ಕೈ ಹಾಕುವುದು ಜಾಣತನ.

ನಂದಿ ಬೆಟ್ಟದ ತಪ್ಪಲು, ದೊಡ್ಡಬಳ್ಳಾಪುರದ ಕಡೆ ಗ್ರೋವರ್ ಕುಟುಂಬ ಫ್ರೆಂಚ್ ತಳಿಯ ದ್ರಾಕ್ಷಿ ನೆಟ್ಟದ್ದು 80ರ ದಶಕದ ಕೊನೆಯಲ್ಲಿ. ಬೋರ್ಡೊದ ಹೆಸರುವಾಸಿ ಸಲಹೆಗಾರ ಮಿಶೆಲ್ ರೋಲಾಂಡ್ 90ರ ದಶಕದಲ್ಲೇ ಅಲ್ಲಿಗೆ ಸಲಹೆ ಕೊಡಲು ಬಂದಿದ್ದರು. ಇಂಥ ಕಡೆಯ ವೈನಿಗೆ ನೀವು ಆಮದು ಸುಂಕ ಕೊಡುತ್ತಿಲ್ಲ, ಹಡಗಿನ ಬಾಡಿಗೆಯನ್ನೂ ಕೊಡುತ್ತಿಲ್ಲ. ಎರಡಕ್ಕೂ ಪೇಪರ್ ಸುತ್ತಿ ಪಕ್ಕಪಕ್ಕ ಇಟ್ಟು ನೋಡಿ. ನಮ್ಮದೇ ಗೆಲ್ಲುತ್ತದೆ ಅಂತ ನಾನು ಹೇಳಲ್ಲ. ಸೋತರೆ 600 ರೂಪಾಯಿ ವ್ಯತ್ಯಾಸಕ್ಕೆ ತಕ್ಕಷ್ಟು ಸೋತಿತಾ ಅಂತ ಕೇಳಿಕೊಳ್ಳಿ, ಅಷ್ಟೇ.

ತಿರುಪಿನ ಮುಚ್ಚಳದ ವೈನ್ ಅಗ್ಗದ್ದು ಅಂತ ನಮ್ಮ ಭಾವ ಹೇಳುತ್ತಾರೆ.
– ಹನುಮಂತನಗರ

ಭಾವನಿಗೆ ನ್ಯೂಜಿಲೆಂಡಿನ ವೈನ್ ತೋರಿಸಿ. ಅಲ್ಲಿ ಹೆಚ್ಚುಕಮ್ಮಿ ಎಲ್ಲ ಬಾಟಲಿಗೂ ತಿರುಪಿನ ಮುಚ್ಚಳವೇ, ದುಬಾರಿಗೂ ಅದೇ. ಬಾಟಲಿ ಎಷ್ಟು ಭಾರ ಇದೆ, ತಳದಲ್ಲಿ ಗುಂಡಿ ಎಷ್ಟು ಆಳ ಇದೆ, ಇವಕ್ಕೂ ಒಳಗಿನ ರುಚಿಗೂ ಸಂಬಂಧ ಇಲ್ಲ. ನಮ್ಮ ಸೆಕೆಗೆ ತಿರುಪಿನ ಮುಚ್ಚಳವೇ ವಾಸಿ ಅಂತ ನನ್ನ ಅಭಿಪ್ರಾಯ. ಅಂಗಡಿಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಬಾಟಲಿಯ ಕಾರ್ಕ್ ಒಣಗುತ್ತದೆ, ಗಾಳಿ ನುಗ್ಗುತ್ತದೆ.

ಕೆಂಪು ವೈನ್ ಯಾವುದು ಕುಡಿದರೂ ನನಗೆ ಬಾಯಿ ಒಗರು. ನನ್ನ ಹೆಂಡತಿ ಬರೀ ಹುಳಿ ಅನ್ನುತ್ತಾಳೆ. ವೈನ್ ಕೆಟ್ಟಿದೆಯೋ ನಮ್ಮ ನಾಲಿಗೆಯೋ? ಕೆಟ್ಟಿದ್ದರೆ ಗೊತ್ತಾಗುವುದು ಹೇಗೆ?
– ಮಲ್ಲೇಶ್ವರ

ಇಬ್ಬರೂ ಹೇಳಿದ್ದು ಸರಿ. ಕೆಂಪು ವೈನನ್ನು ದ್ರಾಕ್ಷಿಯ ಸಿಪ್ಪೆ, ಬೀಜದ ಜೊತೆಯೇ ಹುದುಗಿಸುತ್ತಾರೆ. ಅದರಲ್ಲಿರುವ ಟ್ಯಾನಿನ್ ಒಗರು ಕೊಡುತ್ತದೆ, ಅಡಿಕೆ ಅಗಿದಾಗ ಒಸಡು ಬಿಗಿಯುತ್ತದಲ್ಲ, ಅದೇ ಬಿಗಿತ. ಹುಳಿ ದ್ರಾಕ್ಷಿಯದ್ದೇ. ಹುಳಿ ಇಲ್ಲದ ವೈನ್ ಸಪ್ಪೆ, ಎರಡು ಗುಟುಕಿಗೆ ಸಾಕಾಗುತ್ತದೆ. ಆದ್ದರಿಂದ ಒಗರು ಇದೆಯಾ ಅಂತ ಕೇಳಬೇಡಿ. ಹಣ್ಣಿನ ರುಚಿ ಆ ಒಗರಿನ ಜೊತೆ ನಿಲ್ಲುವಷ್ಟಿದೆಯಾ ಅಂತ ನೋಡಿ. ಅಗ್ಗದ ಕೆಂಪಿನಲ್ಲಿ ಹಲವು ಸಲ ಹಣ್ಣು ಕಡಿಮೆ ಇದ್ದು ಒಗರು ಒಂಟಿಯಾಗಿ ಎದ್ದು ಕಾಣುತ್ತದೆ. ಇದನ್ನು ಮುಚ್ಚಲು ಕೆಲವರು ಸ್ವಲ್ಪ ಸಿಹಿ ಉಳಿಸುತ್ತಾರೆ. ಇನ್ನು ಕೆಲವರು ವೈನ್ ಮಾಗಿಸುವ ಓಕ್ ಪೀಪಾಯಿ ದುಬಾರಿ ಅಂತ ಓಕ್ ಮರದ ಚೂರುಗಳನ್ನೇ ವೈನಿನಲ್ಲಿ ನೆನೆಸುತ್ತಾರೆ, ಆಗ ವೆನಿಲಾ ಥರದ ವಾಸನೆ ಬರುತ್ತದೆ. ಮೂಸಿದ ತಕ್ಷಣ ವೆನಿಲಾ ಐಸ್‌ಕ್ರೀಮ್ ವಾಸನೆ ಹೊಡೆದು, ಬಾಯಲ್ಲಿ ಹಣ್ಣೇ ಸಿಗದಿದ್ದರೆ ಅನುಮಾನ ಪಡಿ.

ಕೆಟ್ಟಿದ್ದು ಬೇರೆ. ಮಳೆಗಾಲದಲ್ಲಿ ಮೂಲೆಯಲ್ಲಿ ನೆನೆದ ರಟ್ಟಿನ ಡಬ್ಬದ ವಾಸನೆ ಬಂದರೆ ಅದು ಕಾರ್ಕಿನ ದೋಷ, ಟಿಸಿಎ ಅನ್ನುವ ರಾಸಾಯನಿಕ. ಕುಡಿದರೆ ತೊಂದರೆ ಇಲ್ಲ, ಆದರೆ ರುಚಿ ಸತ್ತಿರುತ್ತದೆ. ವಿನೆಗರ್ ಅಥವಾ ಉಗುರಿನ ಬಣ್ಣ ತೆಗೆಯುವ ದ್ರವದ ವಾಸನೆ ಬಂದರೆ ಬ್ಯಾಕ್ಟೀರಿಯಾ ಕೆಲಸ ಮಾಡಿದೆ. ನಮ್ಮೂರಲ್ಲಿ ಜಾಸ್ತಿ ಸಿಗುವುದು ಮೂರನೆಯದು, ಸೆಕೆಗೆ ಬೆಂದ ವೈನ್. ಬಣ್ಣ ಕಂದಿರುತ್ತದೆ, ತಾಜಾ ಹಣ್ಣಿನ ಬದಲು ಕಾಯಿಸಿದ ಜಾಮ್ ವಾಸನೆ, ಕಾರ್ಕ್ ಒಂಚೂರು ಮೇಲಕ್ಕೆದ್ದಿರುತ್ತದೆ ಅಥವಾ ಕುತ್ತಿಗೆಯ ಹತ್ತಿರ ಅಂಟಂಟು. ವೈನ್ ಸ್ಟೋರ್ ಅಂತ ಬೋರ್ಡ್ ಇರುವ ಅಂಗಡಿಗಳಲ್ಲಿ ವ್ಯಾಪಾರವೆಲ್ಲ ವಿಸ್ಕಿ, ರಮ್ಮಿನದ್ದು. ಪಾಪದ ವೈನ್ ಬಾಟಲಿಗಳು ಮೇಲಿನ ಸಾಲಿನಲ್ಲಿ ಟ್ಯೂಬ್‌ಲೈಟ್ ಪಕ್ಕ ಧೂಳು ಹಿಡಿದು ನಿಂತಿರುತ್ತವೆ. ಅಂಥ ಕಡೆ ಬೇಡ. ಏಸಿ ಇರುವ, ವೈನ್ ಖರ್ಚಾಗುವ ಅಂಗಡಿಗೆ ಹೋಗಿ, ಬೆಲೆ ಎರಡೂ ಕಡೆ ಎಂಆರ್‌ಪಿಯೇ.

ಮಾಲ್‌ನ ಅಂಗಡಿಯಲ್ಲಿ ಗೋಡೆ ತುಂಬ ಚಿಲಿ, ಅರ್ಜೆಂಟಿನಾ, ಸೌತ್ ಆಫ್ರಿಕಾ, ಸ್ಪೇನ್. ಕಡಿಮೆ ದುಡ್ಡಿಗೆ ಯಾವ ದೇಶದಲ್ಲಿ ಏನು ನೋಡಬೇಕು?
– ಇಂದಿರಾನಗರ

ನನಗೆ ಇಷ್ಟದ ಪ್ರಶ್ನೆ. ದೇಶ ನೋಡುವುದಕ್ಕಿಂತ ದೇಶ ಮತ್ತು ದ್ರಾಕ್ಷಿಯ ಜೋಡಿ ನೋಡಿ.

ಅರ್ಜೆಂಟಿನಾ ಅಂದರೆ ಮಾಲ್ಬೆಕ್. ಹುಟ್ಟೂರು ಫ್ರಾನ್ಸಿನ ಕಾವೋರ್ ಕಡೆ, ಹೆಸರು ಮಾಡಿದ್ದು ಆಂಡಿಸ್ ತಪ್ಪಲಿನ ಮೆಂಡೋಸಾದಲ್ಲಿ. ಅಲ್ಲಿನ ತುಂಬ ತೋಟಗಳು ನಮ್ಮ ಬೆಂಗಳೂರಿನಷ್ಟೇ ಅಥವಾ ಇನ್ನೂ ಎತ್ತರದಲ್ಲಿವೆ. ಹಗಲು ಬಿಸಿಲಿಗೆ ಹಣ್ಣು ಮಾಗುತ್ತದೆ, ರಾತ್ರಿಯ ಚಳಿಗೆ ಹುಳಿ ಉಳಿಯುತ್ತದೆ. ಬಣ್ಣ ಕಡು ನೇರಳೆ, ರುಚಿಯಲ್ಲೂ ನೇರಳೆ ಹಣ್ಣು ನೆನಪಾಗುತ್ತದೆ, ಒಗರು ಮೃದು. ಕೆಂಪು ವೈನ್ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ. ಮಲ್ಲೇಶ್ವರದ ದಂಪತಿಯೂ ಗಮನಿಸಿ.

ಚಿಲಿಯ ಕಾರ್ಮೆನೇರ್‌ನದ್ದು ಒಳ್ಳೆ ಕಥೆ. ಬೋರ್ಡೊದ ಈ ತಳಿ 19ನೇ ಶತಮಾನದಲ್ಲಿ ಫಿಲಾಕ್ಸೆರಾ ಅನ್ನುವ ಹುಳದ ಕಾಟಕ್ಕೆ ಅಲ್ಲಿ ಹೆಚ್ಚುಕಮ್ಮಿ ನಿರ್ನಾಮ. ಅದಕ್ಕೆ ಮೊದಲೇ ಚಿಲಿಗೆ ಬಂದಿದ್ದ ಗಿಡಗಳನ್ನು ಚಿಲಿಯವರು ಮೆರ್ಲೋ ಅನ್ನುವ ಬೇರೆ ತಳಿ ಅಂದುಕೊಂಡೇ ಬೆಳೆಸಿದರು, ಮೆರ್ಲೋ ಅಂತಲೇ ಮಾರಿದರು. 1994ರಲ್ಲಿ ಫ್ರಾನ್ಸಿನ ತಳಿತಜ್ಞ ಜ್ಯಾಂ ಮಿಶೆಲ್ ಬುರ್ಸಿಕೊ ತೋಟಕ್ಕೆ ಬಂದು ನೋಡಿ, ಇದು ಮೆರ್ಲೋ ಅಲ್ಲ ಅಂದರು. ಮೂಸಿದರೆ ದಪ್ಪ ಮೆಣಸಿನಕಾಯಿ ಹೆಚ್ಚಿದಾಗಿನ ಹಸಿ ವಾಸನೆ ಸಿಗುತ್ತದೆ. ಒಂಚೂರಿದ್ದರೆ ಚೆಂದ. ಪಲ್ಯ ಮಾಡುತ್ತಿದ್ದಾರೇನೋ ಅನ್ನಿಸುವಷ್ಟಿದ್ದರೆ ದ್ರಾಕ್ಷಿ ಪೂರ್ತಿ ಮಾಗುವ ಮೊದಲೇ ಕಿತ್ತಿದ್ದಾರೆ ಅಂತ ಅರ್ಥ.

ಸೌತ್ ಆಫ್ರಿಕಾದಲ್ಲಿ ಬಿಳಿಯ ಶೆನಿನ್ ಬ್ಲಾಂಕ್ ನೋಡಿ, ದುಡ್ಡಿಗೆ ಮೋಸ ಇಲ್ಲ. ನಾಸಿಕ್‌ನಲ್ಲೂ ಅದೇ ದ್ರಾಕ್ಷಿ ಬೆಳೆಯುತ್ತಾರೆ, ಎರಡನ್ನೂ ಪಕ್ಕಪಕ್ಕ ಇಟ್ಟು ರುಚಿ ನೋಡುವುದು ಒಂದು ಸಂಜೆಗೆ ಒಳ್ಳೆ ಕೆಲಸ. ಅಲ್ಲಿಯ ಪಿನೋಟಾಜ್ ಅನ್ನುವುದು 1925ರಲ್ಲಿ ಅಬ್ರಹಾಂ ಪೆರೋಲ್ಡ್ ಅನ್ನುವ ಪ್ರೊಫೆಸರ್ ಪಿನೋ ನ್ವಾರ್, ಸ್ಯಾಂಸೋ ಎರಡನ್ನೂ ಕೂಡಿಸಿ ಮಾಡಿದ ತಳಿ. ಅಗ್ಗದ ಪಿನೋಟಾಜ್ ನನಗೆ ಹಿಡಿಸಲ್ಲ, ಸುಟ್ಟ ರಬ್ಬರ್ ವಾಸನೆ. ನಿಮಗೆ ಹಿಡಿಸಬಹುದು.

ಸ್ಪೇನಿನ ರಿಯೋಹಾದಲ್ಲಿ ಲೇಬಲ್ ಮೇಲಿನ ಪದಕ್ಕೆ ಕಾನೂನಿನ ಬೆಲೆ ಇದೆ. ಕ್ರಿಯಾನ್ಸಾ ಅಂತ ಬರೆದಿರುವ ಕೆಂಪು ಕನಿಷ್ಠ ಎರಡು ವರ್ಷ ಮಾಗಿರಬೇಕು, ಅದರಲ್ಲಿ ಒಂದು ವರ್ಷ ಓಕ್ ಪೀಪಾಯಿಯಲ್ಲಿ. ರಿಸರ್ವಾ ಆದರೆ ಮೂರು ವರ್ಷ. ಚಿಲಿಯಲ್ಲಿ ಅದೇ ರಿಸರ್ವಾ ಅಂತ ಬರೆಯಲು ಇಷ್ಟು ಕಟ್ಟುನಿಟ್ಟಿಲ್ಲ. ಹಾಗಾಗಿ ಚಿಲಿ ಬಾಟಲಿ ಮೇಲಿನ ಆ ಪದಕ್ಕೆ ಇನ್ನೂರು ರೂಪಾಯಿ ಜಾಸ್ತಿ ಕೊಡಬೇಡಿ.

ಫ್ರಾನ್ಸ್? ನಮ್ಮ ಬಜೆಟ್ಟಿಗೆ ಬರುವ ಫ್ರಾನ್ಸಿನ ಬಾಟಲಿಗಳಲ್ಲಿ ಊರಿನ ಹೆಸರಿಗೇ ದುಡ್ಡು ಹೋಗುತ್ತದೆ. ಸದ್ಯಕ್ಕೆ ಬಿಡಿ.

ಭಾನುವಾರ ನಾಟಿ ಕೋಳಿ ಸಾರು, ಮುದ್ದೆ. ಜೊತೆಗೆ ಯಾವ ವೈನ್? ಖಾರಕ್ಕೆ ಗಡುಸಾದ ಕೆಂಪೇ ಸರಿ ಅಂತ ಹೋಟೆಲಿನಲ್ಲಿ ಹೇಳಿದರು.
– ನಾಗರಬಾವಿ

ಉಲ್ಟಾ ಹೇಳಿದ್ದಾರೆ. ಆಲ್ಕೋಹಾಲ್ ಜಾಸ್ತಿ ಇದ್ದಷ್ಟೂ ಮೆಣಸಿನಕಾಯಿಯ ಉರಿ ಜಾಸ್ತಿ, ಒಗರು ಸೇರಿದರೆ ಇನ್ನೂ ಒರಟು. ಖಾರಕ್ಕೆ ಬೇಕಾದ್ದು ತಣ್ಣಗಿರುವ, ಸ್ವಲ್ಪ ಸಿಹಿಯಿರುವ, ಹುಳಿಯೂ ಇರುವ ಬಿಳಿ ವೈನ್. ಜರ್ಮನಿಯ ರೀಸ್ಲಿಂಗ್ ಸಿಕ್ಕರೆ ಲೇಬಲ್ ಮೇಲೆ ಆಲ್ಕೋಹಾಲ್ ಎಷ್ಟು ಅಂತ ನೋಡಿ. ಶೇ. 8–9 ಇದ್ದರೆ ದ್ರಾಕ್ಷಿಯ ಸಕ್ಕರೆ ಪೂರ್ತಿ ಹುದುಗಿಲ್ಲ, ಸಿಹಿ ಉಳಿದಿದೆ ಅಂತ. 12 ದಾಟಿದ್ದರೆ ಸಿಹಿ ಇಲ್ಲದ್ದು. ಕೋಳಿ ಸಾರಿಗೆ ಮೊದಲನೆಯದು. ಸಿಗದಿದ್ದರೆ ನಾಸಿಕ್‌ನ ಶೆನಿನ್ ಬ್ಲಾಂಕ್ ನಡೆಯುತ್ತದೆ. ದೊನ್ನೆ ಬಿರಿಯಾನಿಗೆ ಸಿಹಿ ಕಡಿಮೆಯ ಗುಲಾಬಿ ವೈನ್ ಚೆನ್ನಾಗಿ ಕೂರುತ್ತದೆ. ಕೆಂಪೇ ಬೇಕು ಅಂತ ಹಟ ಇದ್ದರೆ ಮಾಲ್ಬೆಕ್, ಅದೂ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟು.

ಕೆಂಪು ವೈನನ್ನು ಫ್ರಿಜ್ಜಿನಲ್ಲಿ ಇಡಬಾರದಂತೆ?
– ಯಲಹಂಕ

ಇಡಿ. ಕೆಂಪಿಗೆ 16–18 ಡಿಗ್ರಿ ಸರಿ, ಬೆಂಗಳೂರಿನ ಏಪ್ರಿಲ್‌ನಲ್ಲಿ ನಿಮ್ಮ ಹಾಲ್ 30ರ ಹತ್ತಿರ ಇರುತ್ತದೆ. ಅಷ್ಟು ಬಿಸಿಯಲ್ಲಿ ಎಂಥ ವೈನ್ ಆದರೂ ಬರೀ ಸ್ಪಿರಿಟ್ ವಾಸನೆ. ಬಿಳಿ ವೈನನ್ನು ಮಾತ್ರ ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಹೊರಗಿಟ್ಟು ಕುಡಿಯಿರಿ, ತೀರಾ ತಣ್ಣಗಿದ್ದರೆ ಘಮವೇ ಬರಲ್ಲ.

ಬಾಟಲಿ ಮೇಲೆ 91 ಅಂಕ, ಚಿನ್ನದ ಪದಕ ಅಂತ ಸ್ಟಿಕ್ಕರ್. ನಂಬಬಹುದಾ?
– ರಾಜರಾಜೇಶ್ವರಿನಗರ

ನೂರರ ಲೆಕ್ಕ ಅಂತ ಕಂಡರೂ ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ ಜನಪ್ರಿಯ ಮಾಡಿದ ಆ ಪದ್ಧತಿ ಶುರುವಾಗುವುದೇ 50ರಿಂದ. ಖಾಲಿ ಪೇಪರ್ ಕೊಟ್ಟರೂ ಪಾಸು! ಹಾಗಾಗಿ 85 ಅಂದರೆ ಡಿಸ್ಟಿಂಕ್ಷನ್ ಅಲ್ಲ.

ಪದಕದ ವಿಷಯ ಇನ್ನೂ ಮಜಾ ಇದೆ. ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಹಾಡ್ಜ್‌ಸನ್ ಅಂತ ಒಬ್ಬರು, ನಿವೃತ್ತ ಪ್ರೊಫೆಸರ್, ತಾವೇ ವೈನ್ ಮಾಡುವವರು. ತಮ್ಮ ವೈನಿಗೆ ಒಂದು ಕಡೆ ಪದಕ, ಇನ್ನೊಂದು ಕಡೆ ಏನೂ ಇಲ್ಲ ಯಾಕೆ ಅಂತ ತಲೆ ಕೆಡಿಸಿಕೊಂಡು, ಅಲ್ಲಿಯ ರಾಜ್ಯ ಮೇಳದ ಸ್ಪರ್ಧೆಯಲ್ಲೇ 2005ರಿಂದ ಪರೀಕ್ಷೆ ಮಾಡಿದರು. ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ಗೊತ್ತಾಗದಂತೆ ಮೂರು ಸಲ ಕೊಟ್ಟರು. ಮೂರು ಸಲವೂ ಒಂದೇ ಪದಕದ ಮಟ್ಟದಲ್ಲಿ ಮಾರ್ಕ್ಸ್ ಹಾಕಿದವರು ಸುಮಾರು ಹತ್ತರಲ್ಲಿ ಒಬ್ಬರು. ಅಷ್ಟೇ ಜನ ಅದೇ ವೈನಿಗೆ ಒಮ್ಮೆ ಕಂಚು, ಒಮ್ಮೆ ಚಿನ್ನ ಕೊಟ್ಟಿದ್ದರು. ಅವರೆಲ್ಲ ಇದನ್ನೇ ಕಸುಬು ಮಾಡಿಕೊಂಡವರು. ಸ್ಟಿಕ್ಕರ್ ಇದ್ದರೆ ಇರಲಿ, ಅದಕ್ಕೆ ಅಂತ ದುಡ್ಡು ಜಾಸ್ತಿ ಬೇಡ. ನಿಮ್ಮ ಮನೆಯ ಮಾರ್ಕ್ಸಿಗೂ ಇದೇ ಪರೀಕ್ಷೆ ಮಾಡಿ. ನಾಲ್ಕು ಬಾಟಲಿ ಅಂತ ಹೇಳಿ ಒಂದನ್ನೇ ಎರಡು ನಂಬರಿನಲ್ಲಿ ಇಡಿ, ಯಾರು ಯಾರ ಮುಖ ಹೇಗಾಗುತ್ತದೆ ನೋಡಿ.

300–400 ರೂಪಾಯಿಯ ಸಿಹಿ ಪೋರ್ಟ್ ವೈನ್ ನನಗಿಷ್ಟ. ಅದು ವೈನೇ ಅಲ್ಲ ಅಂತ ಆಫೀಸಿನವರು ನಗುತ್ತಾರೆ.
– ಹೆಸರು ಬೇಡ, ಪೀಣ್ಯ

ನಗಲಿ ಬಿಡಿ. ಪೋರ್ಚುಗಲ್ಲಿನ ಡೋರೊ ಕಣಿವೆಯ ನಿಜವಾದ ಪೋರ್ಟ್ ಬೇರೆ. ದ್ರಾಕ್ಷಿ ರಸ ಹುದುಗುತ್ತಿರುವಾಗಲೇ ಮಧ್ಯದಲ್ಲಿ ದ್ರಾಕ್ಷಿಯ ಸ್ಪಿರಿಟ್ ಸುರಿದು ನಿಲ್ಲಿಸುತ್ತಾರೆ, ಹಾಗಾಗಿ ಸಿಹಿ ಉಳಿಯುತ್ತದೆ, ಆಲ್ಕೋಹಾಲ್ ಶೇ. 20ರ ಸುಮಾರು. ನಮ್ಮಲ್ಲಿ ಆ ಹೆಸರಲ್ಲಿ ಸಿಗುವ ಎಷ್ಟೋ ಸಿಹಿ ವೈನುಗಳಿಗೆ ಹಾಕುವುದು ಬೆಂಗಳೂರು ಬ್ಲೂ ಥರದ ದ್ರಾಕ್ಷಿ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ, ಭೌಗೋಳಿಕ ಸೂಚಿಕೆ ಸಿಕ್ಕಿರುವ ನಮ್ಮ ಕಪ್ಪು ದ್ರಾಕ್ಷಿ. ಅದರ ಘಮ ಯೂರೋಪಿನ ದ್ರಾಕ್ಷಿಗೆ ಬರಲ್ಲ. ನಿಮ್ಮ ವೈನಿಗೂ ಮಾರ್ಕ್ಸ್ ಹಾಕಿ, ಆದರೆ ಅದರ ಸಾಲಿನವರ ಜೊತೆ ಇಟ್ಟು. ಎರಡು ಕಂಪನಿಯ ಸಿಹಿ ವೈನ್ ತಂದು ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ನೋಡಿ. ಸಿಹಿಯ ಜೊತೆ ಹುಳಿ ಇರುವುದು ಮೇಲು, ಬರೀ ಪಾನಕದಂತಿರುವುದು ಕೆಳಗೆ.

ನಾವು ಶಾಕಾಹಾರಿಗಳು. ವೈನಿನಲ್ಲಿ ಮೊಟ್ಟೆ, ಮೀನು ಇರುತ್ತದಂತೆ, ನಿಜವಾ?
– ಜಯನಗರ

ವೈನ್ ತಿಳಿಯಾಗಲಿ ಅಂತ ಕೆಲವರು ಮೊಟ್ಟೆಯ ಬಿಳಿ, ಹಾಲಿನ ಕೇಸೀನ್, ಜೆಲಟಿನ್ ಅಥವಾ ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ ಬಳಸುತ್ತಾರೆ. ಅದು ಕಸದ ಜೊತೆ ತಳಕ್ಕೆ ಇಳಿಯುತ್ತದೆ, ಆಮೇಲೆ ತೆಗೆಯುತ್ತಾರೆ. ಬೆಂಟೊನೈಟ್ ಅನ್ನುವ ಜೇಡಿಮಣ್ಣು ಬಳಸುವವರೂ ಬಹಳ. ಮನಸ್ಸಿಗೆ ಕಿರಿಕಿರಿ ಆಗುವುದಾದರೆ ವೀಗನ್ ಅಂತ ಬರೆದಿರುವುದನ್ನೇ ತಗೊಳ್ಳಿ.

ಉಳಿದ ವೈನ್ ಎಷ್ಟು ದಿನ ಇಡಬಹುದು? ಸಾರಿಗೆ ಹಾಕಬಹುದಾ ಅಂತ ನಮ್ಮ ಅತ್ತೆ ಕೇಳುತ್ತಿದ್ದಾರೆ.
– ಬನಶಂಕರಿ

ಕೆಂಪಾಗಲಿ ಬಿಳಿಯಾಗಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರ್ನಾಲ್ಕು ದಿನ. ಸಣ್ಣ ಬಾಟಲಿಗೆ ಕತ್ತಿನವರೆಗೂ ತುಂಬಿಸಿಟ್ಟರೆ ಗಾಳಿ ಕಡಿಮೆ, ಇನ್ನೊಂದು ದಿನ ತಡೆಯುತ್ತದೆ. ಅತ್ತೆಯವರಿಗೆ ಹೇಳಿ, ಸಾರಿಗೆ ಬೇಡ, ಅಲ್ಲಿ ಹುಣಸೆ ಹುಳಿ ಆಗಲೇ ಇದೆ. ಹುಳಿ ಹಾಕದ ಮಟನ್ ಕುರ್ಮಾ ಮಾಡುವವರಾದರೆ ಈರುಳ್ಳಿ ಬಾಡಿದ ಮೇಲೆ, ಮಸಾಲೆ ಹಾಕುವ ಮೊದಲು ಅರ್ಧ ಲೋಟ ಕೆಂಪು ವೈನ್ ಸುರಿದು ಚೆನ್ನಾಗಿ ಇಂಗಿಸಲಿ. ಸಿಹಿ ಪೋರ್ಟ್ ಬೇಡ, ಕುರ್ಮಾ ಕೆಡುತ್ತದೆ.